ಸೆಟ್ಟು ಒಳಗೆ ಎಲ್ಲಿಂದ ಬರುತ್ತೆ ಸಾರ್?

ಹೋದ ಭಾನುವಾರ ನಮ್ಮ ಏರಿಯಾದಲ್ಲಿ ಒಂದು ಮೀಟಿಂಗ್ ಇತ್ತು. ವರ್ಷಗಟ್ಟಲೆ ಬೀಗ ಹಾಕ್ಕೊಂಡು ಬಿದ್ದಿರೋ ಹಳೇ ಗೋಡೌನ್ ಕೆಡವಿ ಅಲ್ಲೊಂದು ಕಲಾ ಕೇಂದ್ರ ಕಟ್ತಾರಂತೆ, ಅದೂ ಅಂತಿಂಥದ್ದಲ್ಲ, ‘ಸುಸ್ಥಿರ’ ಕಲಾ ಕೇಂದ್ರ. ಪ್ರೊಜೆಕ್ಟರ್ ಹಾಕಿ ತ್ರೀಡಿ ಚಿತ್ರ ತೋರಿಸಿದ್ರು. ಮುಂದೆ ಪೂರ್ತಿ ಗ್ಲಾಸು, ಪಕ್ಕದ ಗೋಡೆಗೆಲ್ಲ ಗಿಡ, ತಲೆ ಮೇಲೆ ಸೋಲಾರ್, ಅಂಗಳದಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ನಗ್ತಾ ಓಡಾಡೋ ಜನ (ಅವರ್ಯಾರೂ ನಮ್ಮ ಏರಿಯಾದವರ ಥರ ಇರ್ಲಿಲ್ಲ ಬಿಡಿ). ಎಲ್ಲ ಮುಗಿದ್ಮೇಲೆ ನಾಟಕ ಮಾಡ್ಕೊಂಡಿರೋ ನಾನು ಕೈ ಎತ್ತಿ ಕೇಳ್ದೆ, "ಸೆಟ್ಟು ಒಳಗೆ ಎಲ್ಲಿಂದ ಬರುತ್ತೆ ಸಾರ್?" ಆರ್ಕಿಟೆಕ್ಟ್ ಹುಡುಗ ಪಾಪ ಪ್ಲಾನ್ ಹಿಂದೆ ಮುಂದೆ ಮಾಡಿ ನೋಡಿ ಲಾಬಿ ತೋರಿಸ್ದ. ಲಾಬಿಗೆ ಇರೋದು ಗರಗರ ತಿರುಗೋ ಗಾಜಿನ ಬಾಗಿಲು!

ನಗಬೇಡಿ, ಇದು ನಾನು ಅನುಭವಿಸಿದ್ದು. ಸುಮಾರು ವರ್ಷದ ಹಿಂದೆ ಒಂದು ಊರಿನ ಹೊಸಾ ರಂಗಮಂದಿರಕ್ಕೆ ಶೋ ತಗೊಂಡ್ ಹೋಗಿದ್ವಿ, ಸ್ಟೇಜ್ ಮೊದಲನೇ ಮಹಡಿಲಿ, ಮೆಟ್ಟಿಲ ತಿರುವಲ್ಲಿ ನಮ್ಮ ಎಂಟಡಿ ಫ್ಲ್ಯಾಟ್‌ಗಳು (ಸೆಟ್ಟಲ್ಲಿ ಗೋಡೆ ಥರ ನಿಲ್ಲಿಸೋ ಚೌಕಟ್ಟುಗಳು) ತಿರುಗ್ಲೇ ಇಲ್ಲ, ಸಂಜೆ ಆರೂವರೆಗೆ ಶೋ, ಮೂರು ಗಂಟೆಗೆ ರಸ್ತೆ ಬದಿ ಕೂತ್ಕೊಂಡು ಗರಗಸ ಹಿಡಿದು ಕುಯ್ದ್ವಿ. ಹತ್ತು ಶೋ ಬರಬೇಕಾಗಿದ್ದ ಸೆಟ್ಟು ಒಂದೇ ಶೋಗೆ ಕಸ. ಗ್ರೀನ್ ರೂಮ್ ಟಾಯ್ಲೆಟ್ಟಲ್ಲಿ ನೀರಿಲ್ದೆ ಹೆಣ್ಮಕ್ಕಳು ಮೇಕಪ್ ಮುಖದಲ್ಲೇ ಎದುರಿನ ಹೋಟೆಲ್ಲಿಗೆ ಹೋಗಿ ಬಂದ್ರು.

ಅದಕ್ಕೇ ಈ ಹಸಿರು ಕಟ್ಟಡದ ಮಾತು ಬಂದಾಗೆಲ್ಲ ನಂಗೆ ಮೊದಲು ಬಾಗಿಲು, ನೀರು, ಬಾಡಿಗೆ ನೆನಪಾಗೋದು. ಸೆಟ್ಟು ಹೊತ್ತ ಟಾಟಾ ಏಸ್ ನೇರ ಬಂದು ಸ್ಟೇಜ್ ಹಿಂದಕ್ಕೆ ಹಿಮ್ಮುಖ ನಿಲ್ಲೋ ಹಾಗಿದ್ರೆ ಅರ್ಧ ಕೆಲಸ ಮುಗೀತು.

ಇನ್ನು ಗೋಡೌನ್ ಕೆಡವೋದು ಯಾಕೆ ಅಂತ? ನಾಟಕಕ್ಕೆ ಬೇಕಾಗಿರೋದೇ ಅಂಥ ಎತ್ತರ, ನಡುವೆ ಕಂಬ ಇಲ್ಲದ ಜಾಗ, ದಪ್ಪ ಗೋಡೆ. ಎಲ್ಲಾ ಇದೆಯಲ್ಲಾ ಅಲ್ಲಿ! ಇರೋದನ್ನ ಒಡೆದು ಲಾರಿಗಟ್ಟಲೆ ಡೆಬ್ರಿ ಹೊರಗೆ ಸಾಗಿಸಿ, ಲಾರಿಗಟ್ಟಲೆ ಸಿಮೆಂಟು ಕಬ್ಬಿಣ ಒಳಗೆ ತಂದು, ಆಮೇಲೆ ಮೇಲೆ ನಾಕು ಪ್ಯಾನೆಲ್ ಕೂರಿಸಿದ್ರೆ ಲೆಕ್ಕ ಸರಿಹೋಗುತ್ತಾ? ಬೆಂಗಳೂರಲ್ಲೇ ಹಳೇ ಸೆಂಟ್ರಲ್ ಜೈಲನ್ನ ಫ್ರೀಡಂ ಪಾರ್ಕ್ ಮಾಡಿ 2008ರಲ್ಲಿ ತೆರೆದಾಗ ಕಾವಲು ಗೋಪುರ, ಬ್ಯಾರಕ್ಕುಗಳನ್ನ ಉಳಿಸಿಕೊಂಡ್ರು, ಜೈಲನ್ನೇ ಉಳಿಸಿದ ಊರಿಗೆ ಒಂದು ಗೋಡೌನ್ ಭಾರಾನಾ. ಹೊಸದಾಗಿ ರಿಹರ್ಸಲ್ ರೂಮ್ ಕಟ್ಟಲೇಬೇಕಾ, ಪಾಯ ತೋಡಿದ ಮಣ್ಣಲ್ಲೇ ಸ್ವಲ್ಪ ಸಿಮೆಂಟ್ ಬೆರೆಸಿ ಬ್ಲಾಕ್ ಒತ್ತಬಹುದು, ಭಟ್ಟಿಲಿ ಸುಡೋದೇ ಬೇಡ. ನಮ್ಮ ಐಐಎಸ್‌ಸಿಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನ ನೋಡ್ಕೊಳ್ಳೋಕೆ ಶುರುವಾದ ‘ಅಸ್ತ್ರ’ದವರು 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ.

ಗಾಳಿ ವಿಷಯ ಮಾತ್ರ ಕಷ್ಟ, ಒಪ್ಕೋತೀನಿ. ಜಾಲಿ (ತೂತುತೂತಿನ ಗೋಡೆ) ಇಟ್ಟು ಗಾಳಿ ಆಡೋ ಹಾಗೆ ಕಟ್ಟಿದ್ರೆ ಗಾಳಿ ಜೊತೆ ಬಸ್ಸಿನ ಹಾರ್ನೂ ಬರುತ್ತೆ, ಮೌನ ಇರೋ ಸೀನಲ್ಲೇ ಬರುತ್ತೆ. ಹಾಗಾಗಿ ತಾಲೀಮು, ಪೇಂಟಿಂಗ್ ಕ್ಲಾಸಿನ ಜಾಗಗಳಿಗೆ ಜಾಲಿ, ಆಡಿಟೋರಿಯಂ ಮಾತ್ರ ಮುಚ್ಚಿ ಚಿಕ್ಕದಾಗಿ ಮಾಡಿ. ಅಲ್ಲೂ ಸ್ಟೇಜಿಗೆ ಹಳೇ ಬಲ್ಬಿನ ಪಾರ್ ಲೈಟ್ ಹಾಕಿದ್ರೆ ಒಂದೊಂದು ಸಾವಿರ ವ್ಯಾಟು, 24 ಹಾಕಿದ್ರೆ 24 ಕಿಲೋವ್ಯಾಟ್, ಅದರಲ್ಲಿ ಹೆಚ್ಚಿನ ಪಾಲು ಬಿಸಿಯೇ, ಆ ಬಿಸಿ ತೆಗೆಯೋಕೆ ಮತ್ತೆ ಏಸಿ. ಮೊದಲು ಎಲ್‌ಇಡಿ ತಗೊಳ್ಳಿ, ಸೋಲಾರ್ ಆಮೇಲೆ ನೋಡೋಣ. ನೀರಿಗಂತೂ ಸುಲಭ ಲೆಕ್ಕ, ಒಂದು ಚದರ ಮೀಟರ್ ಸೂರಿಗೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು, ಗೋಡೌನ್ ಸೂರು 500 ಚದರ ಮೀಟರ್ ಅಂದ್ಕೊಂಡ್ರೂ, ಪೋಲಾಗಿದ್ದು ಕಳೆದು ನಾಲ್ಕು ಲಕ್ಷ ಲೀಟರ್‌ಗೆ ಕಡಿಮೆ ಇಲ್ಲ.

ಆದ್ರೆ ಇದೆಲ್ಲಾ ಮಾಡಿ ತಿಂಗಳಿಗೆ ನಾಲ್ಕೇ ದಿನ ಬಾಗಿಲು ತೆಗೆದ್ರೆ ಏನು ಬಂತು? ಜೆಪಿ ನಗರದ ರಂಗಶಂಕರ ನೋಡಿ, 2004ರಲ್ಲಿ ಶುರುವಾಗಿದ್ದು, ಶಾರುಖ್ ಮಿಸ್ತ್ರಿ ವಿನ್ಯಾಸ. ಶಂಕರ್ ನಾಗ್ ಹೆಸರಲ್ಲಿ ಅರುಂಧತಿ ನಾಗ್ ಹಠ ಹಿಡಿದು ಕಟ್ಟಿಸಿದ್ದು. ಸೀಟು ಮುನ್ನೂರು ಚಿಲ್ಲರೆ ಅಷ್ಟೇ, ಸೋಮವಾರ ಬಿಟ್ಟು ದಿನಾ ನಾಟಕ ಅನ್ನೋದು ಅಲ್ಲಿನ ಲೆಕ್ಕ. ಸಾವಿರ ಸೀಟಿನ ಹಾಲ್ ಕಟ್ಟಿದ್ರೆ ಅದನ್ನ ತುಂಬಿಸೋಕೆ ಆಗದೆ ಕೊನೆಗೆ ಮದುವೆ ರಿಸೆಪ್ಷನ್‌ಗೇ ಕೊಡ್ತಾರೆ, ನೋಡಿದ್ದೀನಿ. ಕ್ಯಾಂಟೀನ್ ಮರೀಬೇಡಿ. ರವೀಂದ್ರ ಕಲಾಕ್ಷೇತ್ರದಲ್ಲಿ ಎಷ್ಟೋ ತಂಡ ಹುಟ್ಟಿದ್ದು, ಒಡೆದಿದ್ದು ಎರಡೂ ಕ್ಯಾಂಟೀನ್ ಟೀ ಹಿಡ್ಕೊಂಡೇ.

ಮೀಟಿಂಗ್ ಮುಗಿಸಿ ಹೊರಗೆ ಬಂದ್ರೆ ಮೆಟ್ರೋ ಕಂಬದ ಕೆಳಗೆ ದಿನಾ ಡೊಳ್ಳು ಪ್ರಾಕ್ಟೀಸ್ ಮಾಡೋ ಹುಡುಗರು ನಿಂತಿದ್ರು. "ಅಣ್ಣಾ, ಅಲ್ಲಿ ನಮ್ಮನ್ನ ಬಾರಿಸೋಕೆ ಬಿಡ್ತಾರಾ?" ಅಂದ್ರು. ಚಿತ್ರದಲ್ಲಿ ಪಿಯಾನೋ ಇತ್ತು, ಡೊಳ್ಳು ಎಲ್ಲೂ ಕಾಣಿಸ್ಲಿಲ್ಲ. ಏನಂತ ಹೇಳ್ಲಿ, "ಮುಂದಿನ ಮೀಟಿಂಗ್‌ಗೆ ಡೊಳ್ಳು ತಗೊಂಡೇ ಬನ್ರೋ" ಅಂದೆ.

ಅದು ಎರಡನೇ ಶನಿವಾರ ಸಂಜೆ ಐದಕ್ಕಿದೆ. ನಾನು ಎಂಟಡಿ ಫ್ಲ್ಯಾಟ್ ಒಂದು ಹೊತ್ಕೊಂಡು ಹೋಗ್ತಿದ್ದೀನಿ, ಇನ್ನೊಂದು ತುದಿ ಹಿಡಿಯೋಕೆ ಒಬ್ರು ಬೇಕು.