ಗದ್ದಲ ಊರಿಂದು, ಬಿಲ್ ನಂದು

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಬಿಚ್ಚಿದೆವು. ಮೊದಲೆಲ್ಲ ಪೆಟ್ಟಿಗೆ ಬಿಚ್ಚೋದು ಒಂದು ಕೆಲಸ. ಕತ್ತರಿ ತಂದು ಹಗ್ಗ ಕತ್ತರಿಸಿದರೆ ಮುಗೀತು. ಈಗ ಅದು ಸಮಾರಂಭ. ಅನ್‌ಬಾಕ್ಸಿಂಗ್ ಅಂತಾರೆ. ಅಕ್ಕನ ಮಗ ಮೊಬೈಲ್ ಹಿಡಿದು ಎದುರಿಗೆ ಕೂತ. "ಮಾಮಾ, ಹಂಗ ಲಗೂ ಬಿಚ್ಚಬ್ಯಾಡ್ರಿ. ಮೊದಲ ನಾಕೂ ಕಡಿ ತಿರುಗಿಸಿ ತೋರಸ್ರಿ" ಅಂದ. ತೋರಿಸಿದೆ. ಆರತಿ ತಟ್ಟೆಯನ್ನೂ ನಾನು ಇಷ್ಟು ಭಕ್ತಿಯಿಂದ ತಿರುಗಿಸಿದ್ದಿಲ್ಲ.

ಒಳಗಿದ್ದದ್ದು ವೈರ್‌ಲೆಸ್ ಹೆಡ್‌ಫೋನ್. ಕಂಪನಿ ಹೆಸರು ಬೇಡ, ಸುಮ್ನೆ ಯಾಕೆ. ಹೊರಗಿನ ಗದ್ದಲವನ್ನು ಅಳಿಸಿಹಾಕುತ್ತದಂತೆ. ಎಎನ್‌ಸಿ ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿದೆ. ಎಂಆರ್‌ಪಿ 7,990 ರೂಪಾಯಿ, ಅದರ ಮೇಲೆ ಅಡ್ಡಗೀಟು. ನಮಗೆ 1,799. ಆ 7,990 ಕೊಟ್ಟು ಕೊಂಡವರು ಭೂಮಿ ಮೇಲೆ ಯಾರಾದರೂ ಇದ್ದಾರಾ ಅಂತ ನನಗೆ ಬಹಳ ದಿನದ ಕುತೂಹಲ. ಗೀಟು ಹೊಡೆಸಿಕೊಳ್ಳಲೆಂದೇ ಹುಟ್ಟಿದ ಬೆಲೆ ಅದು.

ರಟ್ಟಿನ ಪೆಟ್ಟಿಗೆ, ಒಳಗೆ ಗುಳ್ಳೆ ಪ್ಲಾಸ್ಟಿಕ್, ಅದರೊಳಗೆ ಬಣ್ಣದ ಪೆಟ್ಟಿಗೆ, ಅದರೊಳಗೆ ಮತ್ತೆ ಪ್ಲಾಸ್ಟಿಕ್. ಗೇಣುದ್ದದ ಟೈಪ್-ಸಿ ಕೇಬಲ್. ಚಾರ್ಜರ್ ಇಲ್ಲ. ತಿನ್ನಬೇಡಿ ಎಂದು ಇಂಗ್ಲಿಷಿನಲ್ಲಿ ಬೆದರಿಸುವ ಸಿಲಿಕಾ ಜೆಲ್ ಪುಡಿಕೆ. ಅವ್ವ ಅದನ್ನೇ ಮೊದಲು ಎತ್ತಿಕೊಂಡಳು. ಟ್ರಂಕಿನಲ್ಲಿರುವ ಇಳಕಲ್ ಸೀರೆಗೆ ಬೇಕಂತೆ. 1,799ರಲ್ಲಿ ನೂರಕ್ಕೆ ನೂರು ಉಪಯೋಗಕ್ಕೆ ಬಂದದ್ದು ಆ ಪುಡಿಕೆ ಒಂದೇ ಅಂತ ಆಗ ಗೊತ್ತಿರಲಿಲ್ಲ. ಕೈಪಿಡಿ ಆರು ಭಾಷೆಯಲ್ಲಿತ್ತು. ಜರ್ಮನ್ ಇದೆ, ಸ್ಪ್ಯಾನಿಷ್ ಇದೆ, ಕನ್ನಡ ಇಲ್ಲ. ಜರ್ಮನಿಯವರು ಕಲಬುರಗಿ ಸೂಪರ್ ಮಾರ್ಕೆಟ್‌ಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಓಡಾಡುತ್ತಾರೆ ಅಂತ ಕಂಪನಿಗೆ ಭರವಸೆ ಇರಬೇಕು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಪಕ್ಕದ ಮನೆಯವರು ನನಗಿಂತ ಮೊದಲೇ ಒಂದು ತರಿಸಿದ್ದರು. ಇನ್ನೂ ಅಗ್ಗ. ಅದರ ಪೆಟ್ಟಿಗೆ ಮೇಲೆ ಇದ್ದದ್ದು ಇಎನ್‌ಸಿ. ಎ ಇರಬೇಕಾದಲ್ಲಿ ಇ. ಅಷ್ಟೇ ಅಲ್ವಾ ಅಂದುಕೊಂಡರು. ಅಷ್ಟೇ ಅಲ್ಲ. ಇಎನ್‌ಸಿ ಕೆಲಸ ಮಾಡೋದು ಮೈಕಿಗೆ. ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆಚೆ ಕಡೆಯವರಿಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ನಿಮ್ಮ ಕಿವಿಗೆ ಏನೂ ಇಲ್ಲ. ದುಡ್ಡು ನಮ್ಮವರದು, ನೆಮ್ಮದಿ ಬೀದರ್‌ನಲ್ಲಿ ಕೂತ ಬೀಗರದು.

ಯಾಕೆ ಕೊಂಡೆ ಅಂತ ಕೇಳಬೇಡಿ. ನಿಮಗೂ ಒಂದು ಓಣಿ ಇದೆ, ಎರಡು ಕಿವಿ ಇವೆ. ಬೆಳಿಗ್ಗೆ ಏಳಕ್ಕೆ ಕಸದ ಗಾಡಿಯ ಹಾಡು. ಎಂಟಕ್ಕೆ ಹಳೇ ಕಬ್ಬಿಣ. ಒಂಬತ್ತಕ್ಕೆ ತಲೆಗೂದಲು ಕೊಟ್ಟರೆ ಪಾತ್ರೆ ಕೊಡುವವನು. ಇವರು ಯಾರೂ ಈಗ ಬಾಯಿ ತೆರೆಯುವುದಿಲ್ಲ. ರೆಕಾರ್ಡ್ ಮಾಡಿ ಬೈಕಿಗೆ ಧ್ವನಿವರ್ಧಕ ಕಟ್ಟಿದ್ದಾರೆ. ಅದು ಅರಚುತ್ತದೆ, ಆತ ಅದರ ಕೆಳಗೆ ತಣ್ಣಗೆ ಕೂತು ಮೊಬೈಲ್ ನೋಡುತ್ತಾನೆ. ಮೊನ್ನೆ ಗಮನಿಸಿದೆ, ಅವನ ಕಿವಿಯಲ್ಲಿ ಇಯರ್‌ಬಡ್ ಇತ್ತು.

ಸರಿ, ಹೆಡ್‌ಫೋನ್ ಹಾಕಿಕೊಂಡೆ. ಒಬ್ಬಳು ಹೆಣ್ಣುಮಗಳು ಇಂಗ್ಲಿಷಿನಲ್ಲಿ ಕನೆಕ್ಟೆಡ್ ಅಂದಳು. ಬಟನ್ ಒತ್ತಿದೆ. ಒಮ್ಮೆಲೇ ಕೂಲರ್ ನಿಂತುಹೋಯಿತು.

ನಿಂತಿರಲಿಲ್ಲ. ಎದುರಿಗೇ ತಿರುಗುತ್ತಿತ್ತು, ಗಾಳಿ ಬರುತ್ತಿತ್ತು, ಸದ್ದು ಮಾತ್ರ ಮಾಯ. ಒಂದು ಕ್ಷಣ ನಾನೂ ಬಾಯಿ ಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಅಕ್ಕನ ಮಗ ಅದನ್ನೇ ವಿಡಿಯೋದ ಮುಖಪುಟಕ್ಕೆ ಹಾಕಿದ.

ಇದು ಹೇಗೆ ಅಂದರೆ, ಹೊರಗಿನ ಮೈಕು ಸದ್ದನ್ನು ಕೇಳಿಸಿಕೊಳ್ಳುತ್ತದೆ. ಆ ಅಲೆ ಏರಿದಲ್ಲಿ ಇಳಿಯುವ, ಇಳಿದಲ್ಲಿ ಏರುವ ಇನ್ನೊಂದು ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಎರಡೂ ಕೂಡಿದರೆ ಸೊನ್ನೆ. ಸಮ್ಮಿಶ್ರ ಸರ್ಕಾರದಲ್ಲಿ ಒಬ್ಬ ಮಂತ್ರಿ ಹೌದು ಅಂದ ಕೂಡಲೇ ಇನ್ನೊಬ್ಬ ಅಲ್ಲ ಅನ್ನುವುದಿಲ್ಲವೇ, ಹಾಗೆ. ಪಾಲ್ ಲ್ಯೂಗ್ ಎಂಬ ಜರ್ಮನಿಯವನಿಗೆ ಈ ಉಪಾಯಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಕೈಪಿಡಿಯಲ್ಲಿ ಜರ್ಮನ್ ಇರೋದು ಆ ಋಣಕ್ಕೇ ಇದ್ದರೂ ಇರಬಹುದು. ಮುಂದೆ 1978ರಲ್ಲಿ, ಸ್ಪೀಕರ್ ಮಾಡುವ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುತ್ತಿದ್ದರು. ವಿಮಾನದವರು ಕೊಟ್ಟ ಹೆಡ್‌ಫೋನ್‌ನಲ್ಲಿ ಸಂಗೀತಕ್ಕಿಂತ ಎಂಜಿನ್ನೇ ಜಾಸ್ತಿ ಕೇಳುತ್ತಿತ್ತು. ಕೂತಲ್ಲೇ ಲೆಕ್ಕ ಶುರು ಮಾಡಿದರು. ಪೈಲಟ್‌ಗಳಿಗೆ ಅಂತ ಅವರ ಕಂಪನಿಯ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಇವರ ತಂದೆ ಬಂಗಾಳದಿಂದ ಹೋದವರು. ಪುಣ್ಯಕ್ಕೆ ಮಗ ವಿಮಾನ ಹತ್ತಿದರು. ಕಲಬುರಗಿ ಸ್ಟೇಷನ್‌ನಿಂದ ಜಗತ್ ಸರ್ಕಲ್‌ಗೆ ಹೋಗುವ ಆಟೋ ಹತ್ತಿದ್ದರೆ ಲೆಕ್ಕ ಬಿಟ್ಟು ಸನ್ಯಾಸ ತಗೊಳ್ಳುತ್ತಿದ್ದರು.

ವಿಮಾನ ಅಂದಾಗ ನೆನಪಾಯಿತು. ನಮ್ಮ ಊರಲ್ಲಿ ನಿಜವಾಗಿ ಪ್ರಶಾಂತವಾದ ಜಾಗ ಯಾವುದು ಗೊತ್ತಾ? ವಿಮಾನ ನಿಲ್ದಾಣ. 2019ರ ನವೆಂಬರ್‌ನಲ್ಲಿ ಶುರುವಾದದ್ದು. ಜಗತ್ತಿನಲ್ಲೆಲ್ಲ ಜನ ವಿಮಾನದ ಸದ್ದಿಗೆ ಹೆದರಿ ಹೆಡ್‌ಫೋನ್ ಕೊಳ್ಳುತ್ತಾರೆ, ನಾವು ಅಲ್ಲಿಗೆ ಹೋಗಿ ಕಿವಿಗೆ ವಿಶ್ರಾಂತಿ ಕೊಡಬಹುದು. ಇನ್ನೊಂದು, ನಮ್ಮ ಕೋಟೆಯಲ್ಲಿರುವ ಫಿರಂಗಿ. ಸುಮಾರು 29 ಅಡಿ ಉದ್ದ. ಒಂದು ಕಾಲಕ್ಕೆ ಊರೇ ನಡುಗುವ ಹಾಗೆ ಗುಡುಗಲೆಂದು ಮಾಡಿಸಿದ್ದು. ಈಗ ಊರಲ್ಲಿ ಬಾಯಿ ಮುಚ್ಚಿಕೊಂಡು ಮಲಗಿರೋದು ಅದೊಂದೇ.

ಇರಲಿ, ಕೂಲರ್‌ಗೆ ಬರೋಣ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಯೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಊರು ನಮ್ಮದು. ಇಲ್ಲಿ ಕೂಲರ್ ಬರೀ ಯಂತ್ರ ಅಲ್ಲ, ಮನೆಯ ಹಿರಿಯ. ಅದರ ಗುಂಯ್ ಸದ್ದು ನಮಗೆ ಜೋಗುಳ. ಹುಟ್ಟಿದ ಮಗುವೂ ಅದನ್ನು ಕೇಳಿಯೇ ಮಲಗುತ್ತದೆ. ಈ ಹೆಡ್‌ಫೋನ್ ಹೊಡೆದು ಹಾಕೋದು ಅದನ್ನೇ. ಒಂದೇ ಸಮನೆ ಗುಂಯ್‌ಗುಡುವ ತಗ್ಗು ದನಿ ಇದ್ದರೆ ಮಾತ್ರ ಇದರ ಆಟ. ಎಂಜಿನ್, ಫ್ಯಾನು, ಕೂಲರ್. ತಟ್ಟನೆ ಬರುವ, ಚುಚ್ಚುವ ಸದ್ದಿಗೆ ಎದುರಲೆ ಹುಟ್ಟಿಸುವಷ್ಟು ಪುರುಸೊತ್ತು ಇದಕ್ಕಿಲ್ಲ. ಹಾರ್ನು ಹಾರ್ನಾಗಿಯೇ ಬರುತ್ತದೆ. ಮಾತು ಮಾತಾಗಿಯೇ ಬರುತ್ತದೆ.

ಆಮೇಲೆ ಗೊತ್ತಾಯಿತು, ಇಷ್ಟು ವರ್ಷ ಓಣಿಯ ಗದ್ದಲದ ಮೇಲೆ ಕಂಬಳಿ ಹೊದಿಸಿದ್ದದ್ದು ಆ ಕೂಲರ್. ಕಂಬಳಿ ಎಳೆದ ಕೂಡಲೇ ಎಲ್ಲ ಸ್ವಚ್ಛವಾಗಿ ಕೇಳತೊಡಗಿತು. ಮೂರನೇ ಮನೆಯ ಬುಲೆಟ್. ತಿರುವಿನಲ್ಲಿ ಹಿಂದಕ್ಕೆ ಬರುವ ಟ್ಯಾಂಕರಿನ ಕೀಂ ಕೀಂ. ಎದುರು ಮನೆಯ ಸೊಸೆ ಫೋನಿನಲ್ಲಿ ಅತ್ತೆ ಬಗ್ಗೆ ಹೇಳಿದ್ದು, ಅಕ್ಷರ ಬಿಡದೆ. ನನಗೆ ತೊಂದರೆ ಕೊಡದ ಒಂದೇ ಸದ್ದನ್ನು ಓಡಿಸಲು ನಾನು 1,799 ಕೊಟ್ಟಿದ್ದೆ. ಮೇಲೆ ನಲವತ್ತು ಡಿಗ್ರಿ ಬಿಸಿಲಲ್ಲಿ ಕಿವಿಗೆ ಎರಡು ಕುಲಾವಿ. ಹತ್ತು ನಿಮಿಷಕ್ಕೆ ಬೆವರು ಗಲ್ಲದ ಮೇಲಿಂದ ಇಳಿಯಿತು.

ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು "ಫ್ಯಾನ್ ಸೌಂಡ್ ಕಂಪ್ಲೀಟ್ ಔಟ್ ಗಯ್ಸ್" ಅನ್ನುವ ವಿಡಿಯೋದವರೇ, ಒಂದು ಸಂಜೆ ಸೂಪರ್ ಮಾರ್ಕೆಟ್ ಕಡೆ ಬನ್ನಿ. ಮಿರ್ಚಿ ಭಜಿ ಖರ್ಚು ನನ್ನದು.

ಹಾರ್ನ್ ವಿಷಯದಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರಿಗೆ ನನ್ನ ನಮಸ್ಕಾರ. ವಾಹನದ ಹಾರ್ನಿನಲ್ಲಿ ಕೊಳಲು, ತಬಲಾ, ಹಾರ್ಮೋನಿಯಂ ಸದ್ದು ಬರುವ ಹಾಗೆ ಕಾನೂನು ಮಾಡುವ ವಿಚಾರ ಇದೆ ಅಂತ 2021ರಲ್ಲಿ ಹೇಳಿದ್ದರು, ಮತ್ತೆ 2025ರಲ್ಲೂ ಹೇಳಿದರು. ಹಾರ್ನ್ ಹೊಡೆಯೋದು ಕಡಿಮೆ ಮಾಡಿ ಅನ್ನೋದಕ್ಕಿಂತ ಇದು ಸುಲಭ. ಖರ್ಗೆ ಪೆಟ್ರೋಲ್ ಪಂಪ್ ಹತ್ತಿರ ಸಿಗ್ನಲ್ ಇನ್ನೂ ಕೆಂಪಿರುವಾಗಲೇ ಹಿಂದಿನಿಂದ ನಲವತ್ತು ಹಾರ್ಮೋನಿಯಂ, ಇಪ್ಪತ್ತು ತಬಲಾ ಒಮ್ಮೆಗೇ ಮೊಳಗಿದರೆ ಹೇಗಿರುತ್ತದೆ! ಭಜನಾ ಮೇಳ ಅಂತ ಯಾರಾದರೂ ಕಾಯಿ ಒಡೆದರೂ ಒಡೆದಾರು.

ಕಾನೂನು ಇಲ್ಲ ಅಂತಲ್ಲ. 2000ನೇ ಇಸವಿಯಿಂದ ಶಬ್ದ ಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಬಂದ್. ಹಬ್ಬ ಹರಿದಿನಕ್ಕೆ ಸರ್ಕಾರ ಮಧ್ಯರಾತ್ರಿ ತನಕ ಬಿಡಬಹುದು, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ನಮ್ಮ ಓಣಿ ಆ 15 ದಿನವನ್ನು ಜನವರಿಯಲ್ಲೇ ಮುಗಿಸಿ ಉಳಿದದ್ದನ್ನು ಉದ್ರಿಯಲ್ಲಿ ನಡೆಸುತ್ತದೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50.

ಹೋದ ವರ್ಷ ಅಪ್ಪನಿಗೆ ಆಪರೇಷನ್ ಆಗಿತ್ತು. ಆಸ್ಪತ್ರೆ ಗೇಟಿನಲ್ಲಿ ಅಡ್ಡಗೀಟು ಹಾಕಿದ ಹಾರ್ನಿನ ಚಿತ್ರದ ಬೋರ್ಡು ಇತ್ತು. ಆ ಬೋರ್ಡಿನ ಕೆಳಗೇ ಡಿಜೆ ಗಾಡಿ ಬಂದು ನಿಂತಿತು. ಯಾರ ಮೆರವಣಿಗೆ ಅಂತ ಕೇಳಬೇಡಿ. ಈ ಒಂದು ವಿಷಯದಲ್ಲಿ ಎಲ್ಲ ಜಾತಿ, ಎಲ್ಲ ಧರ್ಮ, ಎಲ್ಲ ಪಕ್ಷ ಸರಿಸಮಾನ. ಕಿಟಕಿ ಗಾಜು ನಡುಗಿತು. ಸಲೈನ್ ಸ್ಟ್ಯಾಂಡ್ ನಡುಗಿತು. ಅಪ್ಪನ ಎದೆ ಮೇಲೆ ಕೈ ಇಟ್ಟರೆ ಬಡಿತ ಅವರದೋ ಡಿಜೆಯದೋ ತಿಳಿಯಲಿಲ್ಲ. ಮೊಬೈಲ್ ಆಪ್ 100 ತೋರಿಸಿತು. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. 50 ಇರಬೇಕಾದಲ್ಲಿ 100 ಅಂದರೆ ಎರಡು ಪಟ್ಟಲ್ಲ, ಲಕ್ಷ ಪಟ್ಟು. ಒಂದು ನಂಬರಿಗೆ ಫೋನ್ ಮಾಡಿದೆ. "ಅರ್ಧ ತಾಸಿನ್ಯಾಗ ಮುಂದ ಹೋಗ್ತದ್ರಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ" ಅಂದರು. ತಪ್ಪು ಲಕ್ಷ ಪಟ್ಟು, ಅಡ್ಜಸ್ಟ್ ಸ್ವಲ್ಪ. ಹತ್ತಿ ಉಂಡೆ ಮಾಡಿ ಅಪ್ಪನ ಕಿವಿಗೆ ಇಟ್ಟೆ. ಅವರು ಕಣ್ಣು ಮುಚ್ಚಿಕೊಂಡು, "ಇರ್ಲಿ ಬಿಡೋ, ವರ್ಷಕ್ಕೊಮ್ಮಿ" ಅಂದರು. ವರ್ಷಕ್ಕೊಮ್ಮೆ ಅಲ್ಲ. ಆ ವಾರದಲ್ಲೇ ಅದು ಮೂರನೆಯದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆ ಹೊತ್ತು ನೆನಪಾದರೆ ಇವತ್ತಿಗೂ ಕೈ ನಡುಗುತ್ತದೆ, ಅಷ್ಟೇ.

ಹೆಡ್‌ಫೋನ್‌ನಲ್ಲಿ ಇನ್ನೊಂದು ಬಟನ್ ಇದೆ, ಹೇಳಲು ಮರೆತೆ. ಟ್ರಾನ್ಸ್‌ಪರೆನ್ಸಿ ಮೋಡ್. ಅಂದರೆ ಪಾರದರ್ಶಕತೆ. ಅದನ್ನು ಒತ್ತಿದರೆ ಹೊರಗಿನ ಗದ್ದಲವನ್ನೆಲ್ಲ ಮೈಕು ಹಿಡಿದು ಒಳಗೆ ತಂದು ಸುರಿಯುತ್ತದೆ. ಮೊದಲು ಗದ್ದಲ ತೆಗೆಯಲು ದುಡ್ಡು, ಆಮೇಲೆ ಅದೇ ಗದ್ದಲ ವಾಪಸ್ ಬರಲು ಬ್ಯಾಟರಿ. ನಮ್ಮಲ್ಲಿ ಪಾರದರ್ಶಕತೆ ಅಂತ ಮಾಡಿದ್ದೆಲ್ಲ ಹೀಗೇ ಅಲ್ವಾ. ಆದರೂ ಹೆಡ್‌ಫೋನ್ ಎಂಜಿನ್ ಸದ್ದು ತಡೆದು ಮನುಷ್ಯನ ಮಾತನ್ನು ಬಿಡುತ್ತದೆ. ನಾನು ಅರ್ಜಿ ಹಿಡಿದು ಅಲೆದ ಕಡೆಯೆಲ್ಲ ತಿರುಗಾಮುರುಗಾ.

ಕೊನೆಗೆ ವಾಪಸ್ ಕೊಡೋಣ ಅಂತ ಕೂತೆ. ಕಾರಣ ಆರಿಸಿ ಅಂತು ಆಪ್. ವಸ್ತು ಒಡೆದಿದೆ, ಬಣ್ಣ ಬೇರೆ, ಅಳತೆ ಸರಿಯಿಲ್ಲ, ಕಡಿಮೆ ಬೆಲೆಗೆ ಬೇರೆ ಕಡೆ ಸಿಕ್ಕಿತು. ಮೇಲಿಂದ ಕೆಳಗೆ ಎರಡು ಸಲ ಓದಿದೆ. ಊರು ಸರಿಯಿಲ್ಲ ಅನ್ನೋದು ಇರಲಿಲ್ಲ. ಬಣ್ಣ ಬೇರೆ ಅಂತ ಒತ್ತಿದೆ.

ಮರುದಿನ ಇಡೀ ಮಧ್ಯಾಹ್ನ ಕಾದೆ. ಯಾರೂ ಬರಲಿಲ್ಲ. ಸಂಜೆ ಮೆಸೇಜು ಬಂತು, ಗ್ರಾಹಕರು ಮನೆಯಲ್ಲಿ ಇರಲಿಲ್ಲ ಅಂತ. ಹುಡುಗನಿಗೆ ಫೋನ್ ಮಾಡಿದೆ.

"ಬಂದಿದ್ನಲ್ರಿ ಸರ್. ಗೇಟ್ ಮುಂದ ನಾಕ್ ಸಲ ಹಾರ್ನ್ ಹೊಡದ್ನಿ, ಕೇಳಸ್ಲಿಲ್ಲೇನ್ರಿ?"

"ಎಲ್ಲಾ ಕೇಳಸ್ಯಾವೋ ತಮ್ಮಾ" ಅಂದೆ. "ಅದ್ರಾಗ ನಿಂದು ಯಾವ್ದು?"