ಮೊದಲು ಕರೆಂಟನ್ನು ಪರೀಕ್ಷಿಸಿ, ಆಮೇಲೆ ಒಳಗೆ ಬಿಡಿ

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಇಟ್ಟುಕೊಂಡ ಅನುಭವಸ್ಥರು ಕ್ಯಾಂಪ್‌ಗ್ರೌಂಡಿನ ಕಂಬದ ಕರೆಂಟನ್ನು ಸುಮ್ಮನೆ ನಂಬುವುದಿಲ್ಲ. ಕಂಬಕ್ಕೂ ಗಾಡಿಯ ಬ್ರೇಕರ್ ಪೆಟ್ಟಿಗೆಗೂ ನಡುವೆ ಸರ್ಜ್ ಪ್ರೊಟೆಕ್ಟರ್ ಎಂಬ ಇನ್ನೊಂದು ಪೆಟ್ಟಿಗೆ ಕೂರಿಸುತ್ತಾರೆ. ಅದು ಎಲ್ಲವೂ ಸರಿಯಿದೆ ಎಂದು ಕಂಡ ಮೇಲಷ್ಟೇ ಕರೆಂಟು ಒಳಕ್ಕೆ ಹೋಗುತ್ತದೆ. ನಮ್ಮ ಸಕಲೇಶಪುರ, ಮೂಡಿಗೆರೆ, ಆಲ್ದೂರಿನ ಮನೆಗಳಲ್ಲಿ ಕರೆಂಟು ಮೊದಲು ಒಳಗೆ ಬಂದುಬಿಡುತ್ತದೆ. ಆಮೇಲೆ ಫ್ರಿಜ್ಜಿಗೊಂದು ಸ್ಟೆಬಿಲೈಸರ್, ಟಿವಿಗೊಂದು ಸ್ಪೈಕ್ ಬಸ್ಟರ್, ಗುಡುಗು ಕೇಳಿದರೆ ಪ್ಲಗ್ ಕೀಳುವ ಓಟ. ದೂರದಲ್ಲಿ ಕೂತು ಎರಡೂ ಕಡೆಯ ಪದ್ಧತಿ ಬಲ್ಲವನಾಗಿ ನನಗನಿಸುವುದು ಇಷ್ಟು: ಮಲೆನಾಡಿನ ಮನೆಗೆ ಆ ಟ್ರೇಲರಿನ ಪೆಟ್ಟಿಗೆ ಬೇಡ, ಅದರ ಕ್ರಮ ಬೇಕು.

ಆ ಪೆಟ್ಟಿಗೆ ಮಾಡುವ ಕೆಲಸ ಎರಡು. ಮೈಕ್ರೊಸೆಕೆಂಡುಗಳಲ್ಲಿ ಬಂದುಹೋಗುವ ಸಿಡಿಲಿನಂಥ ಏಟನ್ನು ಹೀರುವುದು ಒಂದು. ತುಂಬ ಹೊತ್ತು ತಪ್ಪಾಗಿಯೇ ಉಳಿಯುವ ವೋಲ್ಟೇಜನ್ನು ಕತ್ತರಿಸಿ ನಿಲ್ಲಿಸುವುದು ಇನ್ನೊಂದು. ಅಲ್ಲಿನದು 120 ವೋಲ್ಟ್. ಸಾಮಾನ್ಯ ಮಾದರಿಗಳು 104ಕ್ಕಿಂತ ಇಳಿದರೂ 132ಕ್ಕಿಂತ ಏರಿದರೂ ಕಡಿದುಬಿಡುತ್ತವೆ. ಕರೆಂಟು ಸರಿಹೋದ ಮೇಲೂ ಎರಡು ನಿಮಿಷಕ್ಕೆ ಮಿಕ್ಕಿ ಕಾಯುತ್ತವೆ; ಎಸಿಯ ಕಂಪ್ರೆಸರ್‌ನೊಳಗಿನ ಒತ್ತಡ ಇಳಿಯಲು ಆ ಬಿಡುವು ಬೇಕು. ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೆ, ಅರ್ತ್ ಇಲ್ಲದಿದ್ದರೆ, ಕರೆಂಟನ್ನು ಒಳಗೆ ಬಿಡುವುದೇ ಇಲ್ಲ.

ಅದನ್ನು ಕೂರಿಸುವ ಕೆಲಸ ಕಷ್ಟದ್ದಲ್ಲ. ಹೊರಗಿನ ಕೇಬಲ್ ಕಿತ್ತು, ಜನರೇಟರ್ ಮತ್ತು ಇನ್ವರ್ಟರ್ ಆರಿಸಿ, ತಂತಿಯಲ್ಲಿ ಕರೆಂಟಿಲ್ಲ ಎಂದು ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು. ಹೊರಗಿನ ಕೇಬಲ್ ಗಾಡಿಗೆ ಸೇರುವ ಜಾಗಕ್ಕೂ ಬ್ರೇಕರ್ ಪೆಟ್ಟಿಗೆಗೂ ನಡುವಿನ ತಂತಿಯನ್ನು ಕತ್ತರಿಸಿ, 30 ಆಂಪಿಯರ್ ಗಾಡಿಗೆ 10 ಗೇಜ್, 50 ಆಂಪಿಯರ್ ಗಾಡಿಗೆ 6 ಗೇಜ್ ತಾಮ್ರದ ತಂತಿಯಲ್ಲಿ ಜೋಡಿಸಬೇಕು. ಕಪ್ಪು ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅಥವಾ ಬರಿಯ ತಾಮ್ರ ಅರ್ತ್. ಕೆಲವು ಮಾದರಿಗಳಲ್ಲಿ ಫೇಸ್ ತಂತಿಯನ್ನು ಒಂದು ಸಣ್ಣ ಕಾಯಿಲ್ ಒಳಗಿಂದ ತೂರಿಸಬೇಕು. ಮರೆತರೆ ಆಂಪಿಯರ್ ಸೊನ್ನೆ ತೋರಿಸುತ್ತದೆ. ಹೆಚ್ಚಿನ ತೊಂದರೆ ಬರುವುದು ಸಡಿಲ ಸ್ಕ್ರೂಗಳಿಂದ. ರಸ್ತೆಯ ಕುಲುಕಾಟಕ್ಕೆ ಅವು ಇನ್ನಷ್ಟು ಸಡಿಲಾಗಿ, ಕಾದು, ತಂತಿಯ ಹೊದಿಕೆ ಕರಗುತ್ತದೆ.

ಆದರೆ ಈ ಪೆಟ್ಟಿಗೆಯನ್ನು ಸೂಟ್‌ಕೇಸಿನಲ್ಲಿ ತಂದು ಚಿಕ್ಕಮಗಳೂರಿನ ಮನೆಗೆ ಹಾಕಬೇಡಿ. ನಮ್ಮದು 230 ವೋಲ್ಟ್. ಅದಕ್ಕಿಂತ ದೊಡ್ಡ ವ್ಯತ್ಯಾಸ ನ್ಯೂಟ್ರಲ್‌ನದು. ಅಲ್ಲಿ ಮನೆಯ ಮುಖ್ಯ ಫಲಕದಲ್ಲೇ ನ್ಯೂಟ್ರಲ್ ಮತ್ತು ಅರ್ತ್ ಒಂದಾಗಿರುತ್ತವೆ. ನಮ್ಮಲ್ಲಿ ನ್ಯೂಟ್ರಲ್‌ಗೆ ಟಿಸಿಯ (ಟ್ರಾನ್ಸ್‌ಫಾರ್ಮರ್) ಹತ್ತಿರ ಅರ್ತ್ ಇರುತ್ತದೆ, ಮನೆಗೆ ಅದರದೇ ಅರ್ತ್ ಗುಂಡಿ. ಇವೆರಡನ್ನೂ ಮನೆಯೊಳಗೆ ಕೂಡಿಸಬಾರದು. ಅರ್ತ್ ಸಿಗದ ಕಡೆ ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ತಂತಿ ಎಳೆಯುವ ಅಭ್ಯಾಸ ನಮ್ಮಲ್ಲಿದೆ. ಹೊರಗೆ ನ್ಯೂಟ್ರಲ್ ತುಂಡಾದ ದಿನ ಫ್ರಿಜ್ಜು, ವಾಷಿಂಗ್ ಮೆಷಿನ್, ಗೀಸರ್‌ಗಳ ಮೈಯೆಲ್ಲ ಕರೆಂಟಾಗುತ್ತದೆ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ, ಮಾಡಿಸಬೇಡಿ. ಟ್ರೇಲರಿನ ಫಲಕದೊಳಗೂ ಇವೆರಡನ್ನು ಕೂಡಿಸುವುದು ನಿಷಿದ್ಧ.

ನ್ಯೂಟ್ರಲ್ ಹೋಗುವುದೇ ನಮ್ಮ ಕಡೆಯ ನಿಜವಾದ ಕಾಯಿಲೆ. ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬೀಳುತ್ತದೆ, ಮಳೆಗೆ ಅಲ್ಯೂಮಿನಿಯಂ ಜಂಪರ್ ಸವೆಯುತ್ತದೆ. ಆಗ ಮೂರು ಫೇಸಿನ ಲೋಡುಗಳು ಒಂದಕ್ಕೊಂದು ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕಡಿಮೆ ಲೋಡಿರುವ ಫೇಸಿನ ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. ಕೆಲವು ಬಲ್ಬು ಝಗ್ಗನೆ ಹೊಳೆದು, ಕೆಲವು ಮಂಕಾದರೆ ಅದೇ ಗುರುತು. ತಕ್ಷಣ ಮೇನ್ ಆರಿಸಿ, ಹಾಸನದ ಕಡೆಯವರಾದರೆ ಸೆಸ್ಕ್‌ಗೆ, ಚಿಕ್ಕಮಗಳೂರಿನವರಾದರೆ ಮೆಸ್ಕಾಂಗೆ ಫೋನ್ ಮಾಡಿ. ಅಮೆರಿಕದ 50 ಆಂಪಿಯರ್ ಟ್ರೇಲರಿನಲ್ಲೂ ನ್ಯೂಟ್ರಲ್ ಕಳಚಿದರೆ 240 ವೋಲ್ಟ್ ಎರಡು ಬದಿಗೆ ಏರುಪೇರಾಗಿ ಹಂಚಿಕೊಳ್ಳುತ್ತದೆ. ಕಾಯಿಲೆ ಒಂದೇ. ಅವರು ಅದಕ್ಕೆ ಬಾಗಿಲಲ್ಲೇ ಕಾವಲು ಹಾಕಿದ್ದಾರೆ, ನಾವು ಹಾಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಂಗಡಿಯವರು ‘ಎಸ್‌ಪಿಡಿ ಹಾಕಿದರೆ ಸಾಕು, ಏನೂ ಸುಡುವುದಿಲ್ಲ’ ಎನ್ನುತ್ತಾರೆ. ಎಸ್‌ಪಿಡಿ ಎಂದರೆ ಸರ್ಜ್ ಪ್ರೊಟೆಕ್ಷನ್ ಡಿವೈಸ್; ಅದು ತಡೆಯುವುದು ಕ್ಷಣದ ಏಟನ್ನು. 400 ವೋಲ್ಟ್ ಹತ್ತು ನಿಮಿಷ ನಿಂತರೆ ಅದರೊಳಗೆ ಏಟು ಹೀರುವ ಬಿಡಿಭಾಗವಾದ ವಾರಿಸ್ಟರೇ ಕಾದು ಸಾಯುತ್ತದೆ. ಹಾಗಾಗಿ ನಮಗೆ ಎರಡು ಸಾಮಾನು ಬೇಕು: ಟೈಪ್ 2 ಎಸ್‌ಪಿಡಿ ಒಂದು, ಹೆಚ್ಚು-ಕಡಿಮೆ ವೋಲ್ಟೇಜಿಗೆ ಕತ್ತರಿಸುವ ರಿಲೇ ಒಂದು. ಎರಡೂ ಮನೆಗೆಲ್ಲ ಕರೆಂಟು ಹಂಚುವ ಡಿಬಿ ಬಾಕ್ಸಿನ ಪಟ್ಟಿಯ ಮೇಲೆ ಎಂಸಿಬಿಯಂತೆಯೇ ಕೂರುತ್ತವೆ.

ಸಿಂಗಲ್ ಫೇಸ್ ಮನೆಗೆ ಎಸ್‌ಪಿಡಿ ‘1+1’ ಜೋಡಣೆಯದಾಗಿರಲಿ: ಫೇಸ್-ನ್ಯೂಟ್ರಲ್ ನಡುವೆ ವಾರಿಸ್ಟರ್, ನ್ಯೂಟ್ರಲ್-ಅರ್ತ್ ನಡುವೆ ಸ್ಪಾರ್ಕ್ ಗ್ಯಾಪ್ (ಏಟು ಬಂದಾಗ ಮಾತ್ರ ಕಿಡಿ ಹಾರಿ ಕರೆಂಟು ಹಾಯುವ ಸಂದು). ಮೂರು ಫೇಸಿಗೆ ‘3+1’. 20 ಕಿಲೋಆಂಪಿಯರ್ ನಾಮಿನಲ್, 40 ಗರಿಷ್ಠ, ಉಳಿಯುವ ವೋಲ್ಟೇಜ್ 1.5 ಕಿಲೋವೋಲ್ಟಿಗಿಂತ ಹೆಚ್ಚಿಲ್ಲದ್ದು ಸಾಕು. ನಿರಂತರವಾಗಿ ತಾಳುವ ವೋಲ್ಟೇಜ್ 275ರದ್ದೂ ಸಿಗುತ್ತದೆ, 320ರದ್ದೂ ಸಿಗುತ್ತದೆ. ನಮ್ಮ ಲೈನುಗಳ ಏರಿಳಿತಕ್ಕೆ ನಾನು 320ರದ್ದನ್ನೇ ಹೇಳುತ್ತೇನೆ. ಫೇಸ್ ತಂತಿಯನ್ನು ಎನ್ ಎಂದು ಬರೆದ ಕಡೆ ಕೊಟ್ಟರೆ ಸ್ಪಾರ್ಕ್ ಗ್ಯಾಪ್ ಒಮ್ಮೆ ಹೊತ್ತಿಕೊಂಡದ್ದು ಆರದೆ ಅಪಾಯವಾಗುತ್ತದೆ. ಗುರುತನ್ನು ಎರಡು ಸಲ ನೋಡಿ.

ಸರದಿ ಹೀಗಿರಲಿ: ಮೇನ್ ಐಸೊಲೇಟರ್, ಅದರ ಬೆನ್ನಿಗೇ ಎಸ್‌ಪಿಡಿ, ನಂತರ ವೋಲ್ಟೇಜ್ ರಿಲೇ, ನಂತರ ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಕೊನೆಗೆ ಎಂಸಿಬಿಗಳು. ಎಸ್‌ಪಿಡಿ ಅಡ್ಡಲಾಗಿ ಕೂರುತ್ತದೆ, ಮನೆಯ ಕರೆಂಟು ಅದರ ಮೂಲಕ ಹರಿಯುವುದಿಲ್ಲ. ತಯಾರಕರು ಹೇಳಿದ ಫ್ಯೂಸ್ ಅಥವಾ ಎಂಸಿಬಿಯನ್ನು ಅದರ ಫೇಸಿಗೆ ಪ್ರತ್ಯೇಕವಾಗಿ ಹಾಕಬೇಕು. ರಿಲೇ ಮೂಲಕ ಇಡೀ ಮನೆಯ ಕರೆಂಟು ಹರಿಯುತ್ತದೆ. ಮೇನ್ ಎಂಸಿಬಿ 32 ಆಂಪಿಯರ್ ಇದ್ದರೆ ರಿಲೇ 63ರದ್ದು ತನ್ನಿ. 270ಕ್ಕೆ ಮೇಲೆ, 170ಕ್ಕೆ ಕೆಳಗೆ ಕಡಿಯುವಂತೆ, ಮರುಜೋಡಣೆಗೆ ಮೂರು ನಿಮಿಷ ಇಡಿ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಮೋಟರುಗಳು ಒಟ್ಟಿಗೆ ಓಡುವ ಫೀಡರಿನಲ್ಲಿ ಕೆಳಮಿತಿಯನ್ನು 180ಕ್ಕೆ ಏರಿಸಿದರೆ ದಿನವೆಲ್ಲ ಮನೆ ಕತ್ತಲಾಗಬಹುದು.

ತಂತಿಯ ಉದ್ದದ ಬಗ್ಗೆ ನಮ್ಮ ವೈರಿಂಗ್‌ನವರು ತಲೆಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಲೇಬೇಕು. ಫೇಸಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ತ್ ಪಟ್ಟಿಗೆ, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಒಂದು ಮೀಟರ್ ತಂತಿಯಲ್ಲಿ ಸುಮಾರು ಒಂದು ಮೈಕ್ರೊಹೆನ್ರಿ ಇಂಡಕ್ಟನ್ಸ್ ಇರುತ್ತದೆ. 10 ಕಿಲೋಆಂಪಿಯರ್ ಏಟು ಎಂಟು ಮೈಕ್ರೊಸೆಕೆಂಡಿನಲ್ಲಿ ಏರಿದರೆ ಆ ಒಂದು ಮೀಟರೇ ಒಂದು ಕಿಲೋವೋಲ್ಟಿಗೂ ಹೆಚ್ಚು ಸೇರಿಸುತ್ತದೆ. ಎಸ್‌ಪಿಡಿಯ 1.5ಕ್ಕೆ ಅದು ಕೂಡಿದರೆ, ಸಾಮಾನ್ಯ ಗೃಹೋಪಕರಣ ತಾಳುವ 2.5 ಕಿಲೋವೋಲ್ಟಿನ ಮಿತಿ ಮುಗಿದೇಹೋಯಿತು. ಚೆಂದಕ್ಕೆಂದು ತಂತಿಯನ್ನು ಸುರುಳಿ ಸುತ್ತಿ ಡಬ್ಬಿಯ ಮೂಲೆಯಿಂದ ತರುವುದು ಎಸ್‌ಪಿಡಿಯನ್ನೇ ವ್ಯರ್ಥ ಮಾಡಿದಂತೆ. ಅರ್ತ್ ಕಡೆಗೆ 6 ಚದರ ಮಿಲಿಮೀಟರ್ ತಾಮ್ರಕ್ಕಿಂತ ಕಡಿಮೆ ಬೇಡ, ಲಗ್ ಕ್ರಿಂಪ್ ಮಾಡಿಯೇ ಕೊಡಿ.

ಇನ್ನು ಗುಂಡಿ. ಜಲ್ಲಿ, ಜಂಬಿಟ್ಟಿಗೆ ನೆಲದಲ್ಲಿ ಬೇಸಗೆಗೆ ಅರ್ತ್ ಒಣಗುತ್ತದೆ. ಭರಣಿ, ಕೃತ್ತಿಕೆಯ ಗುಡುಗು ಬರುವುದೂ ಅದೇ ಹೊತ್ತಿಗೆ. ಎರಡೂವರೆ ಮೀಟರ್ ಜಿಐ ಪೈಪು, ಸುತ್ತ ಇದ್ದಿಲು-ಉಪ್ಪು ಅಥವಾ ಬೆಂಟೊನೈಟ್, ಮೇಲೆ ನೀರು ಹೊಯ್ಯಲು ಕೊಳವೆ. ಅರ್ತ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕೆಳಗೆ ತರಲು ಪ್ರಯತ್ನಿಸಿ. ಬರದಿದ್ದರೆ ಮೂರು ಮೀಟರ್ ಆಚೆ ಇನ್ನೊಂದು ಗುಂಡಿ ತೋಡಿ, ಎರಡನ್ನೂ ಸೇರಿಸಿ. ಡಿಶ್ ಕೇಬಲಿನ ಕವಚವನ್ನೂ ಇದೇ ಅರ್ತಿಗೆ ಕೊಡಿ. ಸಿಡಿಲು ಕರೆಂಟಿನ ತಂತಿಯಲ್ಲೇ ಬರುತ್ತದೆಂಬ ನಿಯಮವಿಲ್ಲ.

ಅಮೆರಿಕದವರದೆಲ್ಲ ಮೇಲು ಎಂದು ನಾನು ಹೇಳಲಾರೆ. 2020ರ ಅಲ್ಲಿನ ವಿದ್ಯುತ್ ಸಂಹಿತೆ ಮನೆಗಳ ಸರ್ವೀಸಿಗೆ ಎಸ್‌ಪಿಡಿಯನ್ನು ಕಡ್ಡಾಯ ಮಾಡಿತು, ಅದು ಒಳ್ಳೆಯದೇ. ಆದರೆ ಇಡೀ ಮನೆಯನ್ನು ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೆಳಗೆ ತರುವ ನಮ್ಮ ಕ್ರಮ, ಬಚ್ಚಲು-ಅಡುಗೆಮನೆಗಳಂಥ ಕಡೆ ಮಾತ್ರ ಆ ರಕ್ಷಣೆ ಕೊಡುತ್ತಿದ್ದ ಅಲ್ಲಿನ ಹಳೆಯ ಮನೆಗಳಿಗಿಂತ ನನಗೆ ಹಿಡಿಸುತ್ತದೆ. ಗುಡುಗಿಗೆ ಮುಂಚೆ ಪ್ಲಗ್ ಕೀಳುವ ನಮ್ಮ ಅಮ್ಮಂದಿರ ಅಭ್ಯಾಸಕ್ಕೆ ಸಮನಾದ ಯಂತ್ರವೂ ಇಲ್ಲ. ಎಸ್‌ಪಿಡಿ ಹಾಕಿಸಿದ ಮೇಲೂ ಅದನ್ನು ಬಿಡಬೇಡಿ. ಗುಡುಗು ನೆತ್ತಿಯ ಮೇಲೆ ಬಂದ ಮೇಲೆ ಮಾತ್ರ ಪ್ಲಗ್ ಮುಟ್ಟಬೇಡಿ.

ಅಲ್ಲಿ ಟ್ರೇಲರಿನೊಳಗಿನ ಕೆಲಸವನ್ನು ಮಾಲೀಕರೇ ಮಾಡಿಕೊಳ್ಳುವುದು ರೂಢಿ. ಪ್ಲಗ್ ಕಿತ್ತರೆ ಗಾಡಿಯಲ್ಲಿ ಹೊರಗಿನ ಕರೆಂಟು ಉಳಿಯುವುದಿಲ್ಲ. ಮನೆಯಲ್ಲಿ ಹಾಗಲ್ಲ. ಮೇನ್ ಆರಿಸಿದರೂ ಮೀಟರಿನಿಂದ ಐಸೊಲೇಟರ್‌ವರೆಗೆ ಕರೆಂಟು ಇದ್ದೇ ಇರುತ್ತದೆ. ಸಾಮಾನು ನೀವೇ ಆರಿಸಿ, ತಂತಿಯ ಉದ್ದ ನೀವೇ ಅಳೆಯಿರಿ, ಜೋಡಿಸುವ ಕೆಲಸ ಲೈಸೆನ್ಸ್ ಇರುವವರಿಂದ ಆಗಲಿ.

ಕೆಲಸ ಮುಗಿದ ಮೇಲೆ ಡಿಬಿಯ ತೂತುಗಳನ್ನೆಲ್ಲ ಮುಚ್ಚಿಸಿ. ಹಲ್ಲಿ ಮತ್ತು ಇರುವೆ ಮಲೆನಾಡಿನ ಡಬ್ಬಿಗಳಲ್ಲಿ ಎಂಸಿಬಿ ಕೆಡಿಸುವ ಖಾಯಂ ಕಾರಣಗಳು. ಎಸ್‌ಪಿಡಿಯ ಕಿಟಕಿ ಹಸಿರಿನಿಂದ ಕೆಂಪಾಗಿದ್ದರೆ ಕಾರ್ಟ್ರಿಜ್ ಸತ್ತಿದೆ. ದೀಪ, ಫ್ಯಾನು ಮಾಮೂಲಿನಂತೆ ನಡೆಯುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಏಪ್ರಿಲ್ ಮೊದಲ ವಾರಕ್ಕೊಮ್ಮೆ, ಚಿತ್ತೆ ಮಳೆಗೆ ಮುಂಚೆ ಇನ್ನೊಮ್ಮೆ ಡಬ್ಬಿ ತೆರೆದು ಆ ಕಿಟಕಿ ನೋಡಿ, ಒಂದು ಕಾರ್ಟ್ರಿಜ್ ಮನೆಯಲ್ಲೇ ಇಟ್ಟುಕೊಂಡಿರಿ.