ವಾರದ ಸವಾಲು

ಮೊನ್ನೆ ರಾತ್ರಿ ಟಿವಿಯಲ್ಲಿ ಭ್ರೂಣಕ್ಕೆ ನೋವಾಗುತ್ತದೋ ಇಲ್ಲವೋ ಅಂತ ಚರ್ಚೆ. ಕೂತವರು ನಾಲ್ಕು ಮಂದಿ, ನಾಲ್ವರೂ ಗಂಡಸರು. ಬಸಿರಾದ ಅನುಭವ ಒಬ್ಬರಿಗೂ ಇಲ್ಲ. ಭ್ರೂಣವಾಗಿದ್ದ ಅನುಭವ ಎಲ್ಲರಿಗೂ ಇತ್ತು, ಆದರೆ ಯಾರಿಗೂ ನೆನಪಿರಲಿಲ್ಲ.

ನನಗೆ ಮಹಾಲಿಂಗಪುರದ ಬೆಲ್ಲದ ಸವಾಲು, ಅಂದರೆ ಹರಾಜು, ನೆನಪಾಯಿತು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2010ರಲ್ಲಿ 24 ವಾರದೊಳಗೆ ನೋವಿಲ್ಲ ಅಂದಿತು, 2022ರಲ್ಲಿ 28ಕ್ಕೆ ಏರಿಸಿತು. ಅಮೆರಿಕದ ನೆಬ್ರಾಸ್ಕಾ ರಾಜ್ಯ 2010ರಲ್ಲೇ 20ಕ್ಕೆ ಕೂಗಿ, ಅದರ ಮೇಲೆ ಗರ್ಭಪಾತ ಕೂಡದೆಂದು ಕಾಯ್ದೆಯನ್ನೂ ಮಾಡಿತು. 2020ರಲ್ಲಿ ಇಬ್ಬರು ಸೇರಿ, ಒಬ್ಬ ಗರ್ಭಪಾತದ ಹಕ್ಕಿನ ಪರ, ಇನ್ನೊಬ್ಬ ವಿರುದ್ಧ, 12ಕ್ಕೇ ಆಗಬಹುದೇನೋ ಎಂದು ಬರೆದರು. ಮಿದುಳಿನ ಮೇಲ್ಪದರಕ್ಕೆ ನರಗಳು ಯಾವಾಗ ತಲುಪುತ್ತವೆ, ತಲುಪದೆಯೂ ನೋವು ತಿಳಿಯುತ್ತದೆಯೇ ಎಂಬ ವಿಜ್ಞಾನಿಗಳ ಜಗಳ ಖರೇವಂದ್ರ ಖರೇನೇ. 1980ರ ದಶಕದವರೆಗೂ ಎಷ್ಟೋ ಕಡೆ ಹುಟ್ಟಿದ ಕೂಸಿಗೇ ನೋವು ತಿಳಿಯುವುದಿಲ್ಲವೆಂದು ಸರಿಯಾಗಿ ಅರಿವಳಿಕೆ ಕೊಡದೆ ಕೊಯ್ಯುತ್ತಿದ್ದರು. ಟಿವಿಯವರಿಗೆ ಮಾತ್ರ ಅಂಕಿ ಬೇಕು. ಇಪ್ಪತ್ತು ಒಂದು ಸಾರೆ, ಇಪ್ಪತ್ತು ಎರಡು ಸಾರೆ...

ನಮ್ಮ ಕಡೆ ಹೆರಿಗೆಯ ನೋವಿಗೆ ಬ್ಯಾನಿ ಅಂತಾರೆ, ಅದನ್ನು 'ತಿನ್ನು'ತ್ತಾರೆ. 'ಮುಂಜಾನಿಂದ ಬ್ಯಾನಿ ತಿನ್ನಾಕತ್ತಾಳ' ಅಂತ ಅತ್ತೆ ಹೇಳುವ ಧಾಟಿ ಕೇಳಿದರೆ ಒಳಗೆ ಸೊಸೆ ರೊಟ್ಟಿ-ಝುಣಕ ಹೊಡೆಯುತ್ತಿದ್ದಾಳೆ ಅನ್ನಿಸಬೇಕು. ತಿನ್ನುವ ವಸ್ತುವಿಗೆ ಔಷಧ ಯಾರು ಕೊಡುತ್ತಾರೆ?

ನನ್ನ ಹೆಂಡತಿಗೂ ಕೊಡಲಿಲ್ಲ. ಬಾಗಲಕೋಟೆ ಕಡೆಯ ಒಂದು ಆಸ್ಪತ್ರೆ. ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಕೆಲಸ ಮಾಡಿರಲಿಲ್ಲ. "ಸಿಸ್ಟರ್, ಚುಚ್ಚೂದು ಗೊತ್ತಾಗಾಕತ್ತೈತ್ರಿ" ಅಂದಳಂತೆ. "ಸುಮ್ಕಿರವಾ, ನೀ ಒಬ್ಬಾಕೀನ ಹಡದೀಯೇನ ಊರಾಗ?" ಏಳು ಹೊಲಿಗೆ. ಹೊರಗೆ ಪೇಢಾ ಹಂಚುತ್ತಿದ್ದ ನನಗೆ ಇದು ಗೊತ್ತಾದದ್ದು ಎರಡು ವರ್ಷದ ಮೇಲೆ, ಬೇರೆ ಯಾವುದೋ ಜಗಳದಲ್ಲಿ.

ನಮ್ಮ 1971ರ ಗರ್ಭಪಾತ ಕಾಯ್ದೆಯಲ್ಲಿ ಭ್ರೂಣದ ನೋವಿನ ಮಾತೇ ಇಲ್ಲ. ಅಲ್ಲಿ ಬರೆದಿರುವುದು ಹೆಂಗಸಿನ ಸಂಕಟ. ಬರೆದಿದೆ, ಅಷ್ಟೇ.

ನಾಲ್ವರಲ್ಲಿ ದಪ್ಪ ಮೀಸೆಯವರು ಗದ್ಗದಿತರಾಗಿ "ಆ ಮೂಕ ಜೀವದ ಪರ ಮಾತಾಡೋರು ಯಾರ್ರೀ?" ಅಂದರು. ಧನ್ಯ. ಕರುಣಾಮೂರ್ತಿಗಳು. ಸ್ವಾಮೀ, 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ಏಳು ಭ್ರೂಣ ಸಿಕ್ಕವಲ್ಲ, ಬಸ್ ಸ್ಟ್ಯಾಂಡ್ ಹತ್ತಿರದ ಹಳ್ಳದಲ್ಲಿ? ಐದು ತಿಂಗಳವು ಅಂದಿದ್ದರು. ನಿಮ್ಮ ಸವಾಲಿನ 20 ವಾರವೇ. ಆಗ ಎಲ್ಲಿದ್ದಿರಿ? ಬೆಲ್ಲದ ಅದೇ ಮಹಾಲಿಂಗಪುರದಲ್ಲಿ 2024ರ ಮೇ ತಿಂಗಳು ಒಂದು ಮನೆಯಲ್ಲಿ ಗರ್ಭ ತೆಗೆಸಿಕೊಂಡ ಸಾಂಗ್ಲಿ ಕಡೆಯ ಹೆಣ್ಣುಮಗಳು ಸತ್ತೇಹೋದಳು. ಅವಳಿಗೆ ಎಷ್ಟನೇ ವಾರಕ್ಕೆ ನೋವಾಯಿತು ಅಂತ ಚರ್ಚೆ ಇಟ್ಟಿರಾ? ಹೊಟ್ಟೆಯೊಳಗಿನದು ಹೆಣ್ಣೋ ಗಂಡೋ ನೋಡಿಸಲು ಕದ್ದು ಸ್ಕ್ಯಾನಿಂಗಿಗೆ ಕರೆದೊಯ್ಯುವವರೂ ನಾವೇ, ರಾತ್ರಿ ಅದರ ನೋವಿಗೆ ಕಣ್ಣೊರೆಸಿಕೊಳ್ಳುವವರೂ ನಾವೇ. ಸಾಕಾಗಿದೆ.

ಅಷ್ಟರಲ್ಲಿ ಬ್ರೇಕ್ ಬಂತು. ಸೊಂಟನೋವಿನ ಮುಲಾಮಿನ ಜಾಹೀರಾತು. ನೋವು ಗಂಡನಿಗೆ, ಕೂತು ತಿಕ್ಕುತ್ತಿದ್ದವಳು ಹೆಂಡತಿ. ನನ್ನಾಕೆ ರಿಮೋಟ್ ಎತ್ತಿಕೊಂಡು ಚಾನೆಲ್ ಬದಲಿಸಿದಳು.